ಇಪ್ಪತ್ತನಾಲ್ಕು ಗಾಜಿನ ಹಂಚು

ಟೀಚರ ಎರಡು ಕೈಗೆ ಎರಡು ಬಣ್ಣವಿತ್ತು. ಬಲಗೈ ಮೊಣಕೈವರೆಗೆ ಹುರಿದ ಕಾಫಿಬೀಜದ ಹಾಗೆ ಕಪ್ಪು, ಎಡಗೈ ಗೋಧಿಬಣ್ಣ. ಮೊದಲ ಸಲ ನೋಡಿದವರು ಚರ್ಮದ ಕಾಯಿಲೆಯೇನೋ ಎಂದುಕೊಂಡು ಮೆಲ್ಲಗೆ ದೂರ ಸರಿದು ಕೂರುತ್ತಿದ್ದರು. ಇದರಿಂದ ಬಸ್ಸಿನಲ್ಲಿ ತನಗೆ ಯಾವಾಗಲೂ ಆರಾಮಾಗಿ ಕೂರಲು ಜಾಗ ಸಿಗುತ್ತದೆ ಎಂದು ಟೀಚರ್ ನಗುತ್ತಿದ್ದರು. ನಿಜವಾದ ಕಾರಣ ಬೇರೆ. ಅವರು ಎಡಗೈಯಲ್ಲಿ ಬರೆಯುವವರು. ಬೆಳಕು ಅಳೆಯುವ ಮೀಟರನ್ನು ಬಲಗೈಯಲ್ಲಿ ಬಿಸಿಲಿಗೆ ಚಾಚಿ ಹಿಡಿದು, ಎಡಗೈಯನ್ನು ಸೆರಗಿನ ನೆರಳಲ್ಲಿಟ್ಟುಕೊಂಡು ಅಂಕಿ ಬರೆದುಕೊಳ್ಳುತ್ತಿದ್ದರು. ನನಗೆ ಪರಿಚಯವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ, ಹಳೆಯ ಕ್ಯಾಮೆರಾದಿಂದ ಬಿಚ್ಚಿದ, ಬೆಳಕು ತೋರಿಸುವ ಮುಳ್ಳೊಂದನ್ನು ಹಿಡಿದು ಹೀಗೆ ಊರೂರು ಓಡಾಡುತ್ತಿದ್ದರಂತೆ. ಆ ಕೈ ಮತ್ತೆ ಬೆಳ್ಳಗಾಗಲು ಅವರು ಬಿಡಲೇ ಇಲ್ಲ.

ಅವರು ನರಸಿಂಹರಾಜಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಾನು ಕೊಪ್ಪದಿಂದ ಸ್ವಲ್ಪ ಒಳಗಿರುವ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಆಳುಗಳ ಹಾಜರಿ, ಗೊಬ್ಬರ, ಕೊಯ್ಲು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವ ಗುಮಾಸ್ತ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಕ್ಷರ ಮಾತ್ರ ದುಂಡಗಿತ್ತು. ಕೆಲಸ ಸಿಕ್ಕಿದ್ದೇ ಆ ಅಕ್ಷರದಿಂದ. ಈಗ ನನಗೆ ಎಪ್ಪತ್ತೆಂಟು. ಟೀಚರ ಬಗ್ಗೆ ಬರೆಯಬೇಕೆಂದು ಕೂತರೆ ನನ್ನದೊಂದು ತಪ್ಪನ್ನೂ ಬರೆಯದೆ ಮುಂದೆ ಹೋಗಲು ಆಗುವುದಿಲ್ಲ. ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ.

ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ನಮ್ಮ ಎಸ್ಟೇಟಿನ ಗೋದಾಮಿನ ಮೇಲೆ ದೂರದ ಯಾವುದೋ ಕಾಲೇಜಿನವರು ಬಂದು ಒಂದು ಯಂತ್ರ ಕೂರಿಸಿ ಹೋಗಿದ್ದರು. ಮುಷ್ಟಿಗಾತ್ರದ ಗಾಜಿನ ಗುಮ್ಮಟ, ಅದರೊಳಗೆ ಕಪ್ಪು ಬಿಲ್ಲೆ. ಬಿಸಿಲು ಬಿದ್ದಾಗ ಆ ಬಿಲ್ಲೆ ಎಷ್ಟು ಕಾಯುತ್ತದೆ ಎಂಬುದನ್ನು ಪಕ್ಕದ ಡಬ್ಬಿ ವಾಟ್ ಲೆಕ್ಕದಲ್ಲಿ ತೋರಿಸುತ್ತಿತ್ತು. ಅಂದರೆ ಸೂರ್ಯನಿಂದ ನೆಲಕ್ಕೆ ಎಷ್ಟು ಶಕ್ತಿ ಬೀಳುತ್ತಿದೆ ಎಂಬ ಅಳತೆ. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಏಣಿ ಹತ್ತಿ, ಗುಮ್ಮಟ ಒರೆಸಿ, ಅಂಕಿ ನೋಡಿ ಬರೆಯಬೇಕು. ಆ ಕೆಲಸವನ್ನು ಸಾಹುಕಾರರು ನನಗೆ ವಹಿಸಿದರು. ಎಸ್ಟೇಟಿನ ಮಳೆಮಾಪಕ ನೋಡುವ ಕೆಲಸ ಮೊದಲಿನಿಂದಲೂ ನನ್ನದೇ ಆಗಿತ್ತು. ಹಾಗಾಗಿ ಒಂದೇ ದಪ್ಪ ಪುಸ್ತಕದಲ್ಲಿ ಎಡಗಡೆ ಮಳೆ, ಬಲಗಡೆ ಬಿಸಿಲು ಎಂದು ಮನೆ ಹಾಕಿಕೊಂಡೆ.

ಯಂತ್ರ ಬಂದು ಎರಡು ವರ್ಷವಾಗಿದ್ದಾಗ, ಒಂದು ಫೆಬ್ರವರಿಯ ಬೆಳಿಗ್ಗೆ ಟೀಚರ್ ಎಸ್ಟೇಟಿಗೆ ಬಂದರು. ಹೆಗಲಿಗೆ ಬಟ್ಟೆಚೀಲ, ಕಂಕುಳಲ್ಲಿ ಕೊಡೆ. ಅವರಿಗೆ ಬೇಕಾಗಿದ್ದದ್ದು ನನ್ನ ಪುಸ್ತಕ.

ಶೃಂಗೇರಿ ದಾರಿಯಲ್ಲಿ ಅವರ ತವರಿನ ಹಳ್ಳಿ. ಅಲ್ಲಿನ ಪ್ರಾಥಮಿಕ ಶಾಲೆಯ ಮಾಡು ಹಳೆಯದಾಗಿ, ಆ ಬೇಸಿಗೆಯಲ್ಲಿ ಹೊಸದಾಗಿ ಹಂಚು ಹೊದಿಸುವುದೆಂದು ತೀರ್ಮಾನವಾಗಿತ್ತು. ಜೂನ್ ಬಂತೆಂದರೆ ಆ ಶಾಲೆಯ ದೊಡ್ಡ ಕೋಣೆಯಲ್ಲಿ ಹಗಲೇ ಕತ್ತಲೆ. ಕರೆಂಟು ಹೋದರೆ ವಾರಗಟ್ಟಲೆ ಬರುವುದಿಲ್ಲ. ಮಕ್ಕಳು ಪುಸ್ತಕಕ್ಕೆ ಮೂಗು ತಾಗಿಸಿಕೊಂಡು ಓದಬೇಕು. ಮಾಡಿನಲ್ಲಿ ನಡುನಡುವೆ ಗಾಜಿನ ಹಂಚು ಹಾಕಿದರೆ ಬೆಳಕು ಇಳಿಯುತ್ತದೆ. ಆದರೆ ಎಷ್ಟು ಹಂಚು? ಶಾಲಾ ಸಮಿತಿಯ ಅಧ್ಯಕ್ಷರು ಅಡಿಕೆ ಬೆಳೆಗಾರರು, ತಮಾಷೆಯ ಮನುಷ್ಯ. ಎಲ್ಲ ಮನೆಗಳಲ್ಲಿ ಇದ್ದ ಹಾಗೆ ನಾಲ್ಕು ಹಾಕಿದರೆ ಮುಗಿಯಿತು, ಹಂಚಿಗೆಲ್ಲ ಎಂತ ಗಣಿತ ಎಂದಿದ್ದರಂತೆ. ಟೀಚರ್ ಒಪ್ಪಿರಲಿಲ್ಲ. ಮಳೆಗಾಲದ ಅತಿ ಮಬ್ಬಿನ ದಿನವೂ ಕೊನೆಯ ಸಾಲಿನ ಮಗು ಬೆನ್ನು ನೆಟ್ಟಗಿಟ್ಟು ಓದಬೇಕು. ಅಷ್ಟಕ್ಕೆ ಎಷ್ಟು ಬೇಕೋ ಅಷ್ಟು ಹಂಚು, ಅದನ್ನು ಲೆಕ್ಕ ಹಾಕಿಯೇ ಹೇಳುತ್ತೇನೆ ಎಂದು ಬಂದಿದ್ದರು.

ಅವರ ಕೈಯಲ್ಲಿ ಈಗ ಸರಿಯಾದ ಬೆಳಕಿನ ಮೀಟರ್ ಇತ್ತು. ಅದು ಯಾವುದೋ ಕಾಲೇಜಿನಿಂದ ಹದಿನೈದು ದಿನಕ್ಕೆ ಮಾತ್ರ ಎರವಲು ತಂದದ್ದು. ಹದಿನೈದು ದಿನದಲ್ಲಿ ವರ್ಷವಿಡೀ ಬೀಳುವ ಬೆಳಕನ್ನು ಅಳೆಯುವುದು ಹೇಗೆ ಎಂದು ಕೇಳಿದೆ.

"ನಿಮ್ಮ ಮನೇಲಿ ಒಂದು ಸೇರು ಭತ್ತ ಕುಟ್ಟಿದ್ರೆ ಎಷ್ಟು ಅಕ್ಕಿ ಬರ್ತದೆ ಅಂತ ಗೊತ್ತಿದ್ಯಲ್ಲ ರೈಟರೇ" ಎಂದರು. "ಅಷ್ಟು ಗೊತ್ತಿದ್ರೆ ಕಣಜ ನೋಡಿಯೇ ಅಕ್ಕಿ ಎಷ್ಟು ಅಂತ ಹೇಳ್ಬಹುದು. ದಿನಾ ಕುಟ್ಟಿ ನೋಡೂದು ಬೇಡ. ನಿಮ್ಮ ಯಂತ್ರ ತೋರ್ಸೂದು ಭತ್ತ. ನನ್ನ ಮೀಟರು ತೋರ್ಸೂದು ಅಕ್ಕಿ."

ಸೂರ್ಯನಿಂದ ಬರುವ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕು ಒಂದು ಪಾಲು, ಕಾಣದ ಶಾಖ ಇನ್ನೊಂದು ಪಾಲು. ಒಂದು ವಾಟಿಗೆ ಎಷ್ಟು ಬೆಳಕು ಎಂದು ಎರಡು ಯಂತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿಕೊಂಡುಬಿಟ್ಟರೆ, ಆಮೇಲೆ ನನ್ನ ಎರಡು ವರ್ಷದ ಪುಸ್ತಕದಿಂದಲೇ ಪ್ರತಿ ದಿನ, ಪ್ರತಿ ಗಂಟೆಯ ಬೆಳಕನ್ನು ಅಂದಾಜು ಮಾಡಬಹುದು. ಆ ಪ್ರಮಾಣವನ್ನು ಪುಸ್ತಕದಲ್ಲೇ ಬರೆದಿಟ್ಟಿದ್ದಾರಲ್ಲ ಎಂದರೆ, ಅದು ಚಳಿದೇಶದವರು ತಮ್ಮ ಆಕಾಶ ನೋಡಿ ಬರೆದದ್ದು, ನಮ್ಮ ಸೂರ್ಯ ನೆತ್ತಿಯ ಮೇಲೆ ನಿಲ್ಲುವವನು, ನಮ್ಮ ಗಾಳಿಯಲ್ಲಿ ನೀರು ತುಂಬಿರುತ್ತದೆ, ನಮ್ಮ ಅಕ್ಕಿ ನಾವೇ ಕುಟ್ಟಿ ನೋಡಬೇಕು ಎಂದರು.

ಆ ಹದಿನೈದು ದಿನ ನನ್ನ ಜೀವನದಲ್ಲೇ ಒಂದು ಹಬ್ಬ. ಟೀಚರ್ ರಜೆ ಹಾಕಿ, ಎಸ್ಟೇಟಿನ ಹತ್ತಿರ ಅವರ ಚಿಕ್ಕಮ್ಮನ ಮನೆಯಲ್ಲಿ ಉಳಿದು, ದಿನಾ ಏಳು ಗಂಟೆಗೆ ಮೊದಲೇ ಏಣಿಯ ಕೆಳಗೆ ನಿಂತಿರುತ್ತಿದ್ದರು. ಗಡಿಯಾರವನ್ನು ಮುಂಗೈಯ ಒಳಮೈಗೆ ಕಟ್ಟುವ ಅಭ್ಯಾಸ ಅವರದು. ಗಂಟೆಗೆ ಸರಿಯಾಗಿ ಇಬ್ಬರೂ ಒಟ್ಟಿಗೆ ಅಂಕಿ ಓದಬೇಕು. ನಾನು ವಾಟ್ ಕೂಗಬೇಕು, ಅವರು ಬೆಳಕಿನ ಅಳತೆಯಾದ ಲಕ್ಸ್ ಕೂಗಬೇಕು. ಬರೆದು ಮುಗಿದ ಮೇಲೆ ಬಟ್ಟೆಚೀಲದಿಂದ ಡಬ್ಬಿ ತೆಗೆದು ತಲಾ ಒಂದು ಕೋಡುಬಳೆ. ಗಂಟೆಗೊಂದೇ, ಎರಡನೆಯದಿಲ್ಲ. ಹನ್ನೊಂದು ಸಲ ಓದಿದರೆ ಹನ್ನೊಂದು ಕೋಡುಬಳೆ.

ಅವರ ಕೊಡೆ ಅವರಿಗಲ್ಲ, ಯಂತ್ರಕ್ಕೆ. ಸೂರ್ಯನ ನೇರ ಬಿಸಿಲನ್ನು ಮರೆ ಮಾಡಿ ಬರೀ ಆಕಾಶದಿಂದ ಎಷ್ಟು ಬೆಳಕು ಬರುತ್ತದೆ ಎಂದೂ ಅವರಿಗೆ ನೋಡಬೇಕಿತ್ತು. ಮಟಮಟ ಮಧ್ಯಾಹ್ನ ತಾವು ಬಿಸಿಲಲ್ಲಿ ನಿಂತು ಗಾಜಿನ ಗುಮ್ಮಟಕ್ಕೆ ಕೊಡೆ ಹಿಡಿಯುತ್ತಿದ್ದರು. ಕೆಳಗೆ ಕಣದಲ್ಲಿ ಕಾಫಿ ಹರಡುತ್ತಿದ್ದ ಹೆಂಗಸರಿಗೆ ಅದೊಂದು ನಾಟಕ. ಅವರಲ್ಲಿ ಹಿರಿಯಳೊಬ್ಬಳು ಒಂದು ದಿನ ಮೇಲಕ್ಕೆ ಮುಖ ಮಾಡಿ, "ಟೀಚರಮ್ಮ, ಅದಕ್ಕೆ ಬಾಣಂತಿ ಸ್ನಾನ ಯಾವತ್ತು?" ಎಂದಳು. ಟೀಚರ್ ನಕ್ಕ ರಭಸಕ್ಕೆ ಕೊಡೆ ಅಲುಗಿ ಆ ಗಂಟೆಯ ಅಂಕಿ ಹಾಳಾಯಿತು. ಹಾಳಾಯಿತು ಎಂದೇ ಪುಸ್ತಕದಲ್ಲಿ ಬರೆದರು. 'ನಕ್ಕಿದ್ದರಿಂದ ಓದಲಾಗಲಿಲ್ಲ' ಎಂದು ಕಾರಣವನ್ನೂ ಬರೆದರು.

ಯಾರಾದರೂ 'ಎಷ್ಟು ಕತ್ತಲೆ' ಎಂದರೆ ಅವರಿಗೆ ಆಗುತ್ತಿರಲಿಲ್ಲ. ಕತ್ತಲೆ ಅಂತ ಹೇಳಬೇಡಿ, ಬೆಳಕು ಎಷ್ಟಿದೆ ಅಂತ ಹೇಳಿ ಎನ್ನುತ್ತಿದ್ದರು. ನನ್ನ ಅಡುಗೆಮನೆಗೆ ಬಂದವರು ಕಾಫಿ ಕುಡಿಯುವ ಮೊದಲು ಮೀಟರ್ ತೆಗೆದು ಒಲೆಯ ಹತ್ತಿರ ಹಿಡಿದು, ನನ್ನ ಹೆಂಡತಿಗೆ, ನೀವು ಇಷ್ಟು ವರ್ಷ ಅಕ್ಕಿಯ ಕಲ್ಲು ಆರಿಸಿದ್ದೇ ದೊಡ್ಡದು ಎಂದರು. ಮಾರನೆಯ ವಾರವೇ ನಮ್ಮ ಒಲೆಯ ಮೇಲೆ ಒಂದು ಗಾಜಿನ ಹಂಚು ಬಿತ್ತು. ಹೆಂಡತಿ ಇರುವವರೆಗೂ ಬೆಳಿಗ್ಗೆ ಆ ಬೆಳಕು ನೆಲಕ್ಕೆ ಬಿದ್ದ ಕೂಡಲೇ ಟೀಚರನ್ನು ನೆನೆಸುತ್ತಿದ್ದಳು.

ಇನ್ನು ನನ್ನ ತಪ್ಪು.

ನನ್ನ ಪುಸ್ತಕದಲ್ಲಿ ಬೇಸಿಗೆಯ ಅಂಕಿಗಳೆಲ್ಲ ನಿಜ. ಮಳೆಗಾಲದವು ಸುಳ್ಳು. ಮೊದಲ ವರ್ಷದ ಜೂನ್ ಮಧ್ಯದವರೆಗೆ ನಾನು ಪ್ರಾಮಾಣಿಕವಾಗಿಯೇ ಏಣಿ ಹತ್ತಿದ್ದೆ. ಪಾಚಿ ಕಟ್ಟಿದ ಮೆಟ್ಟಿಲು, ಕಾಲ್ಬೆರಳ ಸಂದಿಗೆ ಹತ್ತಿ ರಕ್ತ ಹೀರುವ ಇಂಬಳ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಒಂದು ದಿನ ಮೂರನೇ ಮೆಟ್ಟಿಲಿನಿಂದ ಜಾರಿ ಸೊಂಟ ಹಿಡಿದುಕೊಂಡಿತು. ಆವತ್ತು ಹತ್ತಲಾಗಲಿಲ್ಲ. ಪುಸ್ತಕದ ಮನೆ ಖಾಲಿ ಬಿಡಲು ಮನಸ್ಸು ಬರಲಿಲ್ಲ. ಎಡಗಡೆ ಮಳೆಯ ಅಂಕಿ ಇತ್ತಲ್ಲ, ಅದನ್ನು ನೋಡಿ ಬಲಗಡೆ ಬಿಸಿಲನ್ನು ತುಂಬಿಸಿದೆ. ಮಳೆ ಜಾಸ್ತಿ ಬಂದಿದ್ದರೆ ಬಿಸಿಲು ಕಡಿಮೆ ಇದ್ದಿರಲೇಬೇಕು, ಇದರಲ್ಲಿ ನೋಡುವುದೇನಿದೆ ಎನ್ನಿಸಿತು. ಸೊಂಟ ವಾಸಿಯಾದ ಮೇಲೂ ಅದೇ ಮುಂದುವರಿಯಿತು. ಒಂದು ಇಂಚು ಮಳೆಗೆ ಇಷ್ಟು ವಾಟ್, ಎರಡಕ್ಕೆ ಇಷ್ಟು, ಐದು ದಾಟಿದರೆ ಇಷ್ಟು ಎಂದು ಒಂದು ಕೋಷ್ಟಕ ಮಾಡಿ ಮೇಜಿನ ಗಾಜಿನ ಅಡಿಯಲ್ಲಿ ಇಟ್ಟುಕೊಂಡೆ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ ಬಂದವನು ಆ ಇಡೀ ದಿನದ ಬಿಸಿಲನ್ನು ಒಂದೇ ಸಲ ಬರೆದು ಮುಗಿಸುತ್ತಿದ್ದೆ.

ಮಳೆಯ ಅಂಕಿಯಲ್ಲಿ ಮಾತ್ರ ಒಂದು ಸೆಂಟು, ಅಂದರೆ ಇಂಚಿನ ನೂರರಲ್ಲೊಂದು ಪಾಲು ಕೂಡ, ಹೆಚ್ಚುಕಡಿಮೆ ಮಾಡಿದವನಲ್ಲ. ಅದಕ್ಕೆ ಕಾರಣವಿದೆ. ನಮ್ಮ ಕಡೆ ಬೆಳಿಗ್ಗೆ ಎದ್ದರೆ ಎಸ್ಟೇಟಿನಿಂದ ಎಸ್ಟೇಟಿಗೆ ಫೋನು, ಎಷ್ಟು ಇಂಚು, ಎಷ್ಟು ಸೆಂಟು ಎಂದು. ತಪ್ಪು ಹೇಳಿದರೆ ಪಕ್ಕದ ತೋಟದವನು ಹಿಡಿಯುತ್ತಾನೆ. ಬಿಸಿಲು ಎಷ್ಟು ಬಿತ್ತು ಎಂದು ಕೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೇಳುವವರಿಲ್ಲದ್ದನ್ನು ಹೇಗೆ ಬರೆದರೇನು ಎಂದುಕೊಂಡಿದ್ದೆ.

ಟೀಚರ್ ಪುಸ್ತಕ ಬಿಡಿಸಿ, ಇಷ್ಟು ಅಚ್ಚುಕಟ್ಟಾದ ಅಕ್ಷರ ನೋಡಿಯೇ ನಂಬಿಕೆ ಬಂತು ಎಂದರು. ಮಳೆಗಾಲದ ಪುಟಗಳಲ್ಲಿ ಒಂದೇ ಒಂದು ಚಿತ್ತಿಲ್ಲ, ಒದ್ದೆಯ ಕಲೆಯಿಲ್ಲ; ಅದನ್ನೇ ಅವರು ಮೆಚ್ಚಿಕೊಂಡರು. ಆಗಲೇ ಹೇಳಬೇಕಿತ್ತು. ಹದಿನೈದು ದಿನ ಅವರ ಕೋಡುಬಳೆ ತಿಂದೆ, ಹೇಳಲಿಲ್ಲ.

ಲೆಕ್ಕ ಮುಗಿದು ಇಪ್ಪತ್ತನಾಲ್ಕು ಹಂಚು ಎಂದು ಬಂತು. ಸಮಿತಿಯಲ್ಲಿ ಗದ್ದಲ. ಅಧ್ಯಕ್ಷರು ಶಾಲೆಗೆ ಮಾಡು ಬೇಕೋ ಕಿಟಕಿ ಬೇಕೋ ಎಂದು ಕೇಳಿದರು. ಟೀಚರ್ ಹಿಂದೆ ಸರಿಯಲಿಲ್ಲ. ಮಳೆಗಾಲದ ಆಕಾಶ ಇಷ್ಟೇ ಬೆಳಕು ಕೊಡುತ್ತದೆ, ನಮ್ಮ ರೈಟರ್ ಎರಡು ವರ್ಷ ಗಂಟೆಗಂಟೆಗೆ ಅಳೆದಿದ್ದಾರೆ ಎಂದು ಪುಸ್ತಕ ತೋರಿಸಿದರು. ನಾನು ಅಲ್ಲೇ ಬೆಂಚಿನ ತುದಿಯಲ್ಲಿ ಕೂತಿದ್ದೆ. ಮೇ ತಿಂಗಳಲ್ಲಿ ಇಪ್ಪತ್ತನಾಲ್ಕೂ ಮೇಲೇರಿದವು.

ಮೊದಲ ಮಳೆಗಾಲ ಎಲ್ಲರಿಗೂ ಖುಷಿಯೋ ಖುಷಿ. ಮಕ್ಕಳು ಮಳೆಹನಿ ಗಾಜಿನ ಮೇಲೆ ಬಿದ್ದು ಹರಿಯುವುದನ್ನು ಕೆಳಗಿನಿಂದ ನೋಡುತ್ತ ಪಾಠ ಮರೆಯುತ್ತಾರೆ ಎಂಬುದೊಂದೇ ದೂರು. ಬಾಳೆಹೊನ್ನೂರು ಕಡೆಯ ಇನ್ನೆರಡು ಶಾಲೆಯವರು ನಮಗೂ ಲೆಕ್ಕ ಹಾಕಿಕೊಡಿ ಎಂದು ಬಂದು ಹೋದರು.

ಮಳೆ ಹೋಗಿ ಬಿಸಿಲು ಬಂದಾಗ ಬಣ್ಣ ಬಯಲಾಯಿತು. ಫೆಬ್ರವರಿ ಹೊತ್ತಿಗೆ, ಗಾಜಿನಿಂದ ಇಳಿಯುವ ಬಿಸಿಲಿಗೆ ಮಧ್ಯಾಹ್ನ ಆ ಕೋಣೆಯಲ್ಲಿ ಕೂರುವುದು ಕಷ್ಟವಾಯಿತು. ಮಾರ್ಚಿನಲ್ಲಿ ಮಕ್ಕಳು ತಾವೇ ಉಪಾಯ ಕಂಡುಕೊಂಡರು: ಮಳೆಗಾಲದ ಕೊಡೆಗಳನ್ನು ತಂದು ತರಗತಿಯೊಳಗೆ ಬಿಡಿಸಿಕೊಂಡು ಕೂತರು. ಬಣ್ಣಬಣ್ಣದ ಕೊಡೆಯ ಕೆಳಗೆ ಮಗ್ಗಿ ಹೇಳುವುದು ಅವರಿಗೆ ಭಾರೀ ಆಟ. ಬಿಸಿಲಿನ ತೇಪೆ ನೆಲದ ಮೇಲೆ ಸರಿದಂತೆ ಕೊಡೆಗಳೂ ಸರಿಯುತ್ತಿದ್ದವಂತೆ. ಊರಿಗೆಲ್ಲ ಸುದ್ದಿಯಾಗಿ 'ಕೊಡೆ ಶಾಲೆ' ಎಂಬ ಹೆಸರು ಬಿತ್ತು. ಅಧ್ಯಕ್ಷರಂತೂ ಸಿಕ್ಕಸಿಕ್ಕಲ್ಲಿ ನಗಾಡಿದರು. ಸಂತೆಯಲ್ಲಿ ಟೀಚರ್ ಎದುರಾದಾಗ, "ಟೀಚರೇ, ನಮ್ಮನೆ ಹಪ್ಪಳ ಇನ್ನೂ ಒಣಗ್ಲಿಲ್ಲ. ಒಂದು ಪೀರಿಯಡ್ ಶಾಲೆ ಬಿಟ್ಟುಕೊಡ್ತೀರಾ?" ಎಂದರಂತೆ.

ಹಪ್ಪಳದ ಮಾತಿಗೆ ಟೀಚರೂ ನಕ್ಕರು. ಆದರೆ ಆ ಎರಡು ಶಾಲೆಯವರು ಹಿಂದೆ ಸರಿದದ್ದು ಅವರಿಗೆ ತಾಗಿತು. ನಮಗೆ ಲೆಕ್ಕ ಬೇಡ, ಮೊದಲಿದ್ದ ಹಾಗೆ ಎರಡು ಹಂಚು ಸಾಕು ಎಂದು ಅವರು ಹೇಳಿ ಕಳಿಸಿದ್ದರು. ಅಂದರೆ ಅಲ್ಲಿನ ಮಕ್ಕಳ ಮೂಗು ಮತ್ತೆ ಪುಸ್ತಕಕ್ಕೆ. ಇದೆಲ್ಲ ತಮ್ಮ ಲೆಕ್ಕ ತಪ್ಪಿದ್ದರಿಂದ ಆಯಿತು ಎಂದು ಟೀಚರ್ ನಂಬಿಬಿಟ್ಟರು. ವಾಟಿಗೆ ಇಷ್ಟು ಬೆಳಕು ಎಂದು ತಾವು ಕಂಡುಹಿಡಿದದ್ದು ಬೇಸಿಗೆಯ ಆಕಾಶಕ್ಕೆ ಸರಿ, ಮೋಡದ ದಿನಕ್ಕೆ ತಪ್ಪಿರಬೇಕು. ಗಾಜಿನ ದಪ್ಪ ತಪ್ಪು ಹಿಡಿದಿರಬೇಕು. ಮಾಡಿನ ಇಳಿಜಾರು ತಪ್ಪಿರಬೇಕು. ವಾರಕ್ಕೊಂದು ಕಾರ್ಡು ಬರೆದು ನನ್ನನ್ನು ಕೇಳುತ್ತಿದ್ದರು. ಒಂದರಲ್ಲಿ, ಮಳೆಗಾಲದಲ್ಲಿ ಗುಮ್ಮಟದ ಮೇಲೆ ಪಾಚಿಯೇನಾದರೂ ಕಟ್ಟಿತ್ತೇ, ಅದರಿಂದ ಅಂಕಿ ಕಡಿಮೆ ಬಂದಿರಬಹುದೇ ಎಂದಿತ್ತು. ನನಗೆ ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತು. 'ಕಟ್ಟಿದ್ದರೂ ಕಟ್ಟಿರಬಹುದು' ಎಂದು ದುಂಡಗಿನ ಅಕ್ಷರದಲ್ಲಿ ಉತ್ತರ ಬರೆದು ಹಾಕಿದೆ. ಸುಳ್ಳಿನ ಮೇಲೆ ಇನ್ನೊಂದು ಸುಳ್ಳು.

ಆ ವರ್ಷ ಜುಲೈ ತಿಂಗಳ ಒಂದು ಬೆಳಿಗ್ಗೆ ನಡೆದದ್ದನ್ನು ಇವತ್ತು ನಡೆದ ಹಾಗೆ ಹೇಳಬಲ್ಲೆ. ಹಿಂದಿನ ರಾತ್ರಿಯೆಲ್ಲ ಸುರಿದಿತ್ತು. ಎಂಟೂವರೆಗೆ ಮಳೆಮಾಪಕ ನೋಡಿದರೆ ಆರು ಇಂಚು ದಾಟಿತ್ತು. ಕೋಷ್ಟಕ ನೋಡಿ ಆ ದಿನದ ಬಿಸಿಲನ್ನು ಬರೆದೆ: ಎಂಟು ಗಂಟೆಯದು, ಹನ್ನೆರಡರದು, ಸಂಜೆ ಐದರದು, ಎಲ್ಲ ಮಬ್ಬು ದಿನದ ಸಣ್ಣ ಅಂಕಿಗಳು. ಬರೆದು ಒಳಗೆ ಹೋಗಿ ದೋಸೆ ತಿಂದೆ. ತಿನ್ನುತ್ತಿರುವಾಗಲೇ ಮೋಡ ಒಡೆಯಿತು. ಆ ಜುಲೈಯಲ್ಲಿ ಅಂಥ ಬಿಸಿಲನ್ನು ನಾವ್ಯಾರೂ ನೋಡಿರಲಿಲ್ಲ. ಇಡೀ ಕಣ ಹಬೆಯಾಡುತ್ತಿತ್ತು. ಕೈ ತೊಳೆದು ಹೊರಗೆ ಬಂದರೆ ನನ್ನ ಮೇಜಿನ ಮುಂದೆ ಟೀಚರ್ ಕೂತಿದ್ದಾರೆ. ಮೀಟರ್ ಮತ್ತೆ ಎರವಲು ಸಿಕ್ಕಿತ್ತು. ಮೋಡದ ದಿನದ ಪ್ರಮಾಣ ನೋಡಬೇಕೆಂದು ಹೇಳಿ ಕಳಿಸದೆ ಮೊದಲ ಬಸ್ಸಿಗೇ ಬಂದಿದ್ದರು. ಪುಸ್ತಕ ಅವರ ಮುಂದೆ ಬಿಡಿಸಿಕೊಂಡಿತ್ತು.

ಟೀಚರ್ ಮುಂಗೈ ತಿರುಗಿಸಿ ಗಡಿಯಾರ ನೋಡಿದರು. ಹೊರಗಿನ ಬಿಸಿಲು ನೋಡಿದರು. ಮತ್ತೆ ಪುಸ್ತಕ ನೋಡಿದರು.

"ರೈಟರೇ, ಈಗ ಒಂಬತ್ತೂಕಾಲು. ಸಂಜೆ ನಾಲ್ಕು ಗಂಟೆ ಬಿಸಿಲು ಆಗ್ಲೇ ಬಂದು ಹೋಯ್ತಾ?"

ಅವರು ಮೇಜಿನ ಗಾಜಿನ ಕೆಳಗಿದ್ದ ಕೋಷ್ಟಕವನ್ನು ಕಂಡರು. ಇಂಚಿಗೆ ಇಷ್ಟು ವಾಟ್ ಎಂದು ಮೇಲಿನಿಂದ ಕೆಳಗಿನವರೆಗೂ ಓದಿದರು. ಆಮೇಲೆ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ರಾತ್ರಿ ಬಿದ್ದ ಮಳೆಗೆ ಹಗಲಿನ ಬಿಸಿಲು ಏನು ಮಾಡಬೇಕಿತ್ತು ಮಾರಾಯ್ರೆ ಎಂದರು. ನಮ್ಮ ಮಳೆಯ ಬಹುಪಾಲು ರಾತ್ರಿಯೇ ಬರುವುದುಂಟು. ಮೂವತ್ತು ವರ್ಷ ಮಳೆ ಬರೆದವನಿಗೆ ಅಷ್ಟು ಹೊಳೆದಿರಲಿಲ್ಲ. ನಗು ನಿಂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಐದು ತಿಂಗಳು ನಾನು ನನ್ನನ್ನೇ ಬೈಕೊಂಡೆ, ರೈಟರೇ."

ಅಷ್ಟೇ. ಅವರು ಬೈದದ್ದು ಅಷ್ಟೇ. ಅದಕ್ಕಿಂತ ಕೆಟ್ಟ ಬೈಗುಳವನ್ನು ನಾನು ಆಮೇಲೂ ಕೇಳಿಲ್ಲ. ಎಲ್ಲವನ್ನೂ ಹೇಳಿದೆ: ಏಣಿ, ಸೊಂಟ, ಇಂಬಳ, ಪಾಚಿಯ ಕಾರ್ಡು. ಪುಸ್ತಕದ ಆ ಹಾಳೆಗಳನ್ನು ಹರಿಯಲು ಕೈ ಹಾಕಿದೆ. ಅವರು ತಡೆದರು.

"ಹರೀಬೇಡಿ. ಅಡ್ಡಗೆರೆ ಎಳೀರಿ, ಅಂಕಿ ಕಾಣ್ಲಿ. ಎಷ್ಟು ದಿನ ಸುಳ್ಳು ಬರ್ದ್ರಿ ಅನ್ನೂದಾದ್ರೂ ನಿಜವಾಗಿ ಉಳೀಲಿ."

ಆಮೇಲೆ ಡಬ್ಬಿ ತೆಗೆದು ನನ್ನ ಕೈಗೊಂದು ಕೋಡುಬಳೆ ಕೊಟ್ಟು, ಹತ್ತು ಗಂಟೆಯದು ತಪ್ಪುತ್ತದೆ, ಏಣಿ ಎಲ್ಲಿ ಎಂದು ಎದ್ದರು.

ಆ ಮಳೆಗಾಲ ಪೂರ್ತಿ, ಮಳೆ ಮುಗಿಯುವವರೆಗೆ ಒಂದು ಗಂಟೆಯೂ ತಪ್ಪದೆ ಏಣಿ ಹತ್ತಿದೆ. ಎಸ್ಟೇಟಿನ ಬಡಗಿಗೆ ಹೇಳಿ ಮೆಟ್ಟಿಲಿಗೆಲ್ಲ ಗೋಣಿ ಕಟ್ಟಿಸಿದೆ; ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು. ಮೊದಲು ಪ್ರಾಯಶ್ಚಿತ್ತವೆಂದು ಹತ್ತಿದವನಿಗೆ ಹತ್ತು ದಿನದಲ್ಲೇ ಅದರ ರುಚಿ ಹತ್ತಿತು. ಹುಟ್ಟಿದಾಗಿನಿಂದ ಮಳೆಗಾಲವೆಂದರೆ ಕಪ್ಪು ಎಂದುಕೊಂಡಿದ್ದವನು ನಾನು. ಗೋದಾಮಿನ ಮೇಲೆ ನಿಂತು ನೋಡಿದರೆ, ಎದುರಿನ ಗುಡ್ಡ ಕಾಣದಂತೆ ಸುರಿಯುವಾಗಲೂ ಡಬ್ಬಿಯ ಅಂಕಿ ನನ್ನ ಕೋಷ್ಟಕದ ಎರಡು ಪಟ್ಟು, ಕೆಲವು ಸಲ ಮೂರು ಪಟ್ಟು ತೋರಿಸುತ್ತಿತ್ತು. ಇಷ್ಟೊಂದು ಬೆಳಕು ಎಲ್ಲಿತ್ತು ಎಂದು ಟೀಚರಿಗೆ ಕಾರ್ಡು ಬರೆದೆ. ಆಕಾಶ ಯಾವತ್ತೂ ಕೊಡುತ್ತಲೇ ಇತ್ತು, ನಾವು ಮಾಡಿನ ಕೆಳಗೆ ನಿಂತು ಅಳೆಯುತ್ತಿದ್ದೆವು ಎಂದು ಉತ್ತರ ಬಂತು. ಮೋಡದ ದಿನ ವಾಟಿಗೆ ಸಿಗುವ ಬೆಳಕು ಬಿಸಿಲ ದಿನಕ್ಕಿಂತ ಸ್ವಲ್ಪ ಜಾಸ್ತಿಯೇ ಎಂಬುದೂ ಗೊತ್ತಾಯಿತು. ಮೋಡದ ನೀರು ಶಾಖವನ್ನು ಹೆಚ್ಚು ತಿಂದು ಬೆಳಕನ್ನು ಬಿಟ್ಟುಕೊಡುತ್ತದಂತೆ. ಜಾಸ್ತಿಯೆಂದರೆ ಕೊಂಚ ಮಾತ್ರ. ಇಪ್ಪತ್ತನಾಲ್ಕು ಹಂಚಿನ ತಪ್ಪು ಅದರದ್ದಲ್ಲ, ಬಿಸಿಲನ್ನು ಕಡಿಮೆ ಬರೆದ ನನ್ನದು. ಟೀಚರ ಮೊದಲ ಲೆಕ್ಕದ ದಾರಿ ಸರಿಯಾಗಿಯೇ ಇತ್ತು.

ಯಂತ್ರ ಕೂರಿಸಿದ ಕಾಲೇಜಿನವರಿಗೂ, ಮಳೆಗಾಲದ ಹಳೆಯ ಅಂಕಿಗಳನ್ನು ಬಳಸಬೇಡಿ, ನೋಡದೆ ಬರೆದದ್ದು ಎಂದು ಪತ್ರ ಬರೆದೆ. ಅದನ್ನು ಟೀಚರ್ ಎದುರಿಗೆ ಕೂತೇ ಬರೆಸಿದರು.

ನವೆಂಬರಿನಲ್ಲಿ ಸಮಿತಿಯ ಸಭೆ. ಆ ಎರಡು ಶಾಲೆಯವರೂ ಬಂದಿದ್ದರು. ಹಿಂದಿನ ದಿನ ಟೀಚರ್, ನಿಮ್ಮ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ಹೇಳುವುದು ಬಿಡುವುದು ನಿಮ್ಮದು ಎಂದಿದ್ದರು. ಹೇಳಬೇಕೆಂದೇ ಹೊರಟಿದ್ದೆ. ಟೀಚರ್ ಎದ್ದು ನಿಂತು, ತಮ್ಮ ಕೈಯಲ್ಲಿದ್ದ ಅಂಕಿ ತಪ್ಪಿತ್ತು, ಈಗ ಸರಿಯಾದದ್ದು ತಂದಿದ್ದೇನೆ, ಈ ಕೋಣೆಗೆ ಹತ್ತು ಹಂಚು ಸಾಕು ಎಂದರು. ಅಧ್ಯಕ್ಷರು ಬಿಡುತ್ತಾರೆಯೇ.

"ಈ ಸಲ ಕೊಡೆ ತರ್ಬೇಕೋ ಬೇಡ್ವೋ, ಮೊದ್ಲು ಅದನ್ನ ಹೇಳಿ ಟೀಚರೇ."

ಕೋಣೆಯೆಲ್ಲ ನಕ್ಕಿತು. ಟೀಚರೂ ನಕ್ಕರು. ನಗುತ್ತ ಎಲ್ಲರ ಕಡೆ ನೋಡಿದರು, ನನ್ನ ಕಡೆ ಮಾತ್ರ ತಿರುಗಲಿಲ್ಲ. ನೋಡಿದ್ದರೆ ನಾನು ಎದ್ದು ನಿಲ್ಲಬೇಕಾಗುತ್ತಿತ್ತು. ನನ್ನನ್ನು ಒತ್ತಾಯಕ್ಕೆ ಸಿಕ್ಕಿಸಬಾರದೆಂದೇ ಅವರು ನೋಡಲಿಲ್ಲ. ನಾನು ಕೂತೇ ಇದ್ದೆ. ಎಲ್ಲರ ಜೊತೆ ನಕ್ಕೆ ಕೂಡ.

ಹಂಚುಗಳ ವಿಷಯ ಸುಖವಾಗಿ ಮುಗಿಯಿತು. ಇಳಿಸಿದ ಹದಿನಾಲ್ಕು ಗಾಜಿನ ಹಂಚನ್ನು ಟೀಚರ್ ಎರಡು ಪಾಲು ಮಾಡಿದರು. ಆ ಎರಡು ಶಾಲೆಯ ಕೋಣೆಗಳು ಚಿಕ್ಕವು. ಒಂದಕ್ಕೆ ಎಂಟು, ಇನ್ನೊಂದಕ್ಕೆ ಆರು ಸಾಕಾಗಿತ್ತು. ಹುಲ್ಲಿನಲ್ಲಿ ಸುತ್ತಿ ಜೀಪಿನ ಹಿಂದೆ ಇಟ್ಟುಕೊಂಡು ಹೋದೆವು. ದಾರಿಯುದ್ದಕ್ಕೂ ಟೀಚರ್ ಎಳೆಮಗುವನ್ನು ಹಿಡಿದ ಹಾಗೆ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮುಂದಿನ ಜೂನಿನಲ್ಲಿ ಇಬ್ಬರೂ ಮೂರು ಶಾಲೆಗೂ ಹೋದೆವು. ಟೀಚರ್ ಪ್ರತಿ ಕೋಣೆಯಲ್ಲೂ ಕೊನೆಯ ಸಾಲಿಗೆ ಹೋಗಿ ಕಾಲು ಮಡಚಿ ಕೂತು, ಸಣ್ಣ ಅಕ್ಷರದ ಹಳೆಯ ಪೇಪರೊಂದನ್ನು ಕೈ ಉದ್ದಕ್ಕೆ ಹಿಡಿದು ಗಟ್ಟಿಯಾಗಿ ಓದಿದರು. ಮಕ್ಕಳು ಮುಸಿಮುಸಿ ನಕ್ಕರು. ಹೊರಗೆ ಜಡಿಮಳೆ. ಒಂದು ಒತ್ತು ಕೂಡ ತಪ್ಪದೆ ಓದಿ ಮುಗಿಸಿ, ಈಗ ನೀವು ಓದಿ ರೈಟರೇ ಎಂದು ಪೇಪರ್ ನನ್ನ ಕೈಗೆ ಕೊಟ್ಟರು. ನನಗೆ ಕನ್ನಡಕ ಬೇಕಾಗಿದ್ದ ವಯಸ್ಸು. ಕನ್ನಡಕ ಹಾಕದೆಯೇ ಅರ್ಧ ಓದಿದೆ.

ಟೀಚರ್ ನಿವೃತ್ತರಾದ ಮೇಲೂ ವರ್ಷಕ್ಕೊಮ್ಮೆ ಎಸ್ಟೇಟಿಗೆ ಬಂದು ಏಣಿ ಹತ್ತಿ, ಪುಸ್ತಕ ನೋಡಿ ಹೋಗುತ್ತಿದ್ದರು. ಸಭೆಯ ವಿಷಯವನ್ನು ಒಂದು ದಿನವೂ ಎತ್ತಲಿಲ್ಲ. ನಾಲ್ಕು ವರ್ಷದ ಹಿಂದೆ, ಎರಡು ದಿನದ ಜ್ವರದಲ್ಲಿ ತೀರಿಕೊಂಡರು. ಶಾಲೆಯಲ್ಲಿ ಅವರ ನೆನಪಿಗೆ ನಾಲ್ಕು ಮಾತಾಡಲು ಸೇರಿದಾಗ ಅಧ್ಯಕ್ಷರು ಮತ್ತೆ ಕೊಡೆ ಶಾಲೆಯ ಕಥೆ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಬುದ್ಧಿವಂತರೂ ಒಮ್ಮೊಮ್ಮೆ ಹೇಗೆ ಎಡವುತ್ತಾರೆ ನೋಡಿ ಎಂದರು. ನನಗೂ ಮಾತಾಡಲು ಹೇಳಿದರು. ಅವರಿಂದ ತುಂಬಾ ಕಲಿತೆ ಎಂದು ಹೇಳಿ ಕೂತುಬಿಟ್ಟೆ.

ಕಳೆದ ತಿಂಗಳು ಅಧ್ಯಕ್ಷರ ಮನೆಗೆ ಹೋದೆ. ಅವರಿಗೀಗ ಎಂಬತ್ತು ದಾಟಿದೆ. ಕಿವಿ ಚೆನ್ನಾಗಿದೆ, ತಮಾಷೆಯೂ ಹಾಗೆಯೇ ಇದೆ. ಜಗಲಿಯಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮುಗಿದ ಮೇಲೆ ಎಲೆಯಡಿಕೆ ಉಗಿದು ಬಂದು ಕೂತರು.

"ಹಾಗಾದ್ರೆ ಇಷ್ಟು ವರ್ಷ ನಾನು ಸುಮ್‌ಸುಮ್ನೆ ಆ ಹೆಣ್ಮಗಳನ್ನ ನಗಾಡಿದ್ದಾ ಮಾರಾಯ?" ಎಂದರು. ಆಮೇಲೆ ಹೇಳಿದರು: "ನಾನು ಊರೆಲ್ಲ ಹೇಳಿಕೊಂಡು ನಕ್ಕಿದ್ದು. ನೀನು ನನ್ನೊಬ್ಬನಿಗೆ ಬಂದು ಹೇಳಿದ್ರೆ ಸಾಲ್ದು. ಊರೆಲ್ಲ ಓದೋ ಹಾಗೆ ಬರಿ. ಈ ಸಲವಾದ್ರೂ ಆಗಿದ್ದನ್ನೇ ಬರಿ."

ಆಗಿದ್ದನ್ನೇ ಬರೆದಿದ್ದೇನೆ. ಕೊಡೆ ಶಾಲೆಯ ಕಥೆ ಹೇಳುವವರು ಇನ್ನು ಮುಂದೆಯೂ ಹೇಳಲಿ, ನಗಲಿ. ಟೀಚರ್ ಇದ್ದಿದ್ದರೆ ಅವರೂ ಬೇಡವೆನ್ನುತ್ತಿರಲಿಲ್ಲ. ಹೇಳುವಾಗ ನನ್ನನ್ನು ಇಟ್ಟುಕೊಂಡು ಹೇಳಲಿ. ಅವರ ಲೆಕ್ಕ ಸರಿಯಿತ್ತು. ನಾನು ಏಣಿ ಹತ್ತಿರಲಿಲ್ಲ.